ಪ್ರಶ್ನೆ ಇಂಗ್ಲಿಷಿನಲ್ಲಿ, ಉತ್ತರ ಕನ್ನಡದಲ್ಲಿ

ಹೋದ ವರ್ಷ ಹಸ್ತ ಮಳೆ ಹಿಡಿದ ಹೊತ್ತಿನಲ್ಲಿ ನಾನು ಹಿರಿಯರೊಬ್ಬರಿಗೆ ಫೋನಿನಲ್ಲಿ ಆಡಬಾರದ ಮಾತೊಂದನ್ನು ಆಡಿದೆ. "ಕನ್ನಡದಲ್ಲೇ ಬರ್ದಿದೀನಲ್ಲ ಕಾಕಾ, ಓದೋಕೆ ಬರಲ್ವಾ ನಿಮಗೆ?" ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದೇ ಇರಲಿಲ್ಲ. ಆಮೇಲೆ "ತಪ್ಪಾತ್ರೀ ಅಕ್ಕೋರ" ಅಂದರು. ನಾನು ಸಿಟ್ಟಿನಲ್ಲೇ ಫೋನ್ ಇಟ್ಟೆ.

ಕಾಕಾ ನನ್ನ ಬಂಧುವಲ್ಲ. ನಾನು ತಿಪಟೂರಿನ ಕಡೆಯವಳು, ಅವರು ಗದಗ ಜಿಲ್ಲೆಯ ಕಪ್ಪತಗುಡ್ಡದ ಬುಡದ ಹಳ್ಳಿಯವರು. ಕೃಷಿಹೊಂಡಗಳು ತುಂಬಿದಾಗ ಸುತ್ತಲಿನ ಬಾವಿಗಳ ನೀರು ಎಷ್ಟು ಏರುತ್ತದೆ, ಎಷ್ಟು ದಿನ ನಿಲ್ಲುತ್ತದೆ ಎನ್ನುವುದು ನನ್ನ ಪಿಎಚ್.ಡಿ. ವಿಷಯ. ನಾನು ಧಾರವಾಡದಲ್ಲಿದ್ದುಕೊಂಡು ದಿನಾ ಅಲ್ಲಿಗೆ ಹೋಗಿ ಅಳೆಯುವುದು ಸಾಧ್ಯವಿರಲಿಲ್ಲ. ಅದಕ್ಕೆ ಊರಿನಲ್ಲೇ ಒಬ್ಬರು ಬೇಕಿತ್ತು, ಇವರು ಒಪ್ಪಿಕೊಂಡರು. ಬೆಳಿಗ್ಗೆ ಎಂಟೂವರೆಗೆ ಸರಿಯಾಗಿ ಮಳೆಮಾಪಕದ ನೀರನ್ನು ಅಳತೆಯ ಜಾಡಿಗೆ ಸುರಿದು ಎಷ್ಟು ಮಿಲಿಮೀಟರ್ ಎಂದು ನೋಡುವುದು. ಆಮೇಲೆ ಆರು ಬಾವಿಗಳಿಗೆ ಹೋಗಿ, ತುದಿಗೆ ಗುಂಡು ಕಟ್ಟಿದ ಟೇಪು ಇಳಿಬಿಟ್ಟು ನೀರು ಎಷ್ಟು ಆಳದಲ್ಲಿದೆ ಎಂದು ಅಳೆಯುವುದು. ಮಳೆ ಇರಲಿ, ಇಲ್ಲದಿರಲಿ, ಹಬ್ಬವಿರಲಿ, ಒಂದು ದಿನವೂ ತಪ್ಪಿಸಿದವರಲ್ಲ. ನಾಲ್ಕನೇ ಇಯತ್ತೆಯವರೆಗೆ ಓದಿದವರು, ಆದರೆ ಶ್ರಾವಣದಲ್ಲಿ ಮಠದಲ್ಲಿ ಪುರಾಣ ಓದುವವರು ಇವರೇ. ಅಂಥವರಿಗೆ ನಾನು ಕೇಳಿದ್ದು ಓದಲು ಬರುವುದಿಲ್ಲವೇ ಎಂದು.

ಮೊದಲು ಅವರು ನೋಟುಬುಕ್ಕಿನಲ್ಲಿ ಬರೆದಿಡುತ್ತಿದ್ದರು. ತಿಂಗಳಿಗೊಮ್ಮೆ ನಾನು ಹೋಗಿ ಅದನ್ನು ಕಂಪ್ಯೂಟರಿಗೆ ಹತ್ತಿಸುತ್ತಿದ್ದೆ. ಎರಡೆರಡು ಕೆಲಸ ಅನ್ನಿಸಿ, ವಿಭಾಗದಲ್ಲಿ ಮೂಲೆಗೆ ಬಿದ್ದಿದ್ದ ಹಳೆಯ ಲ್ಯಾಪ್‌ಟಾಪ್ ಒಂದಕ್ಕೆ ಡೆಬಿಯನ್ ಹಾಕಿ, ಮೆನು, ಐಕಾನ್ ಎಲ್ಲ ಕನ್ನಡದಲ್ಲಿ ಬರುವಂತೆ ಮಾಡಿ ಅವರ ಮನೆಯಲ್ಲಿಟ್ಟೆ. ಅದಕ್ಕೆಂದು ಸಿ ಭಾಷೆಯಲ್ಲಿ ಒಂದು ಪುಟ್ಟ ಪ್ರೋಗ್ರಾಂ ಬರೆದೆ. ಲೆಕ್ಕ ಮಾಡುವ ಹಳೆಯ ಕೋಡ್ ಹೇಗೂ ಸಿಯಲ್ಲೇ ಇತ್ತು, ಆ ಬಡ ಯಂತ್ರಕ್ಕೆ ಭಾರವಾದುದೇನೂ ಹಿಡಿಸುತ್ತಲೂ ಇರಲಿಲ್ಲ. ಬರಿಯ ಟರ್ಮಿನಲ್ಲಿನಲ್ಲಿ ಕನ್ನಡ ಮೂಡಿಸಿದರೆ ಒತ್ತಕ್ಷರಗಳು ಚದುರಿಹೋಗುತ್ತಿದ್ದವು. ಹಾಗಾಗಿ ಜಿಟಿಕೆ ಬಳಸಿ ಕಿಟಕಿ, ಗುಂಡಿ ಎಲ್ಲ ಇರುವಂತೆ ಮಾಡಿದೆ. ಹೆಸರು 'ಮಳೆಲೆಕ್ಕ'. ಇನ್ನು ನೋಟುಬುಕ್ಕು ಬೇಡ ಕಾಕಾ ಎಂದು ಹೇಳಿದವಳೂ ನಾನೇ.

ಪ್ರೋಗ್ರಾಮಿನ ಮಾತುಗಳನ್ನು ಮೊದಲು ಇಂಗ್ಲಿಷಿನಲ್ಲೇ ಬರೆದಿದ್ದೆ. ಸಿಯಲ್ಲಿ ಕನ್ನಡ ತರುವ ರೂಢಿಯ ದಾರಿಯೇ ಹಾಗೆ. ಗೆಟ್‌ಟೆಕ್ಸ್ಟ್ ಎನ್ನುವ ವ್ಯವಸ್ಥೆ ಇದೆ. ಕೋಡಿನಲ್ಲಿ ಇರುವ ಪ್ರತಿಯೊಂದು ಇಂಗ್ಲಿಷ್ ವಾಕ್ಯಕ್ಕೂ ಒಂದು ಗುರುತು ಸುತ್ತಬೇಕು. ಎಕ್ಸ್‌ಗೆಟ್‌ಟೆಕ್ಸ್ಟ್ ಎನ್ನುವ ಉಪಕರಣ ಆ ವಾಕ್ಯಗಳನ್ನೆಲ್ಲ ಆರಿಸಿ ಒಂದು ಕಡತದಲ್ಲಿ ಕೂಡಿಸುತ್ತದೆ. ಅದರ ಒಂದೊಂದು ವಾಕ್ಯದ ಕೆಳಗೂ ನಮ್ಮ ಕನ್ನಡವನ್ನು ಬರೆದರೆ ಅದು ಪಿಒ ಕಡತ, ಮನುಷ್ಯರು ಓದುವಂಥದ್ದು. ಎಂಎಸ್‌ಜಿಎಫ್‌ಎಂಟಿ ಎನ್ನುವ ಇನ್ನೊಂದು ಉಪಕರಣ ಅದನ್ನು ಎಂಒ ಕಡತವಾಗಿ ಮಾಡುತ್ತದೆ, ಅದು ಯಂತ್ರ ಓದುವಂಥದ್ದು. ಪ್ರೋಗ್ರಾಂ ಓಡುವಾಗ ಆ ಎಂಒ ಕಡತವನ್ನು ತೆರೆದು, ಇಂಗ್ಲಿಷ್ ವಾಕ್ಯವನ್ನು ಹುಡುಕಿ, ಅದರ ಜೊತೆಗಿರುವ ಕನ್ನಡವನ್ನು ತೋರಿಸುತ್ತದೆ. ನನ್ನ ಪ್ರೋಗ್ರಾಮಿನಲ್ಲಿ 83 ವಾಕ್ಯಗಳಿದ್ದವು. ಎರಡು ವಾರ ರಾತ್ರಿ ಊಟವಾದ ಮೇಲೆ ಕೂತು ಅನುವಾದಿಸಿದೆ. ಹಾಸ್ಟೆಲಿನ ನನ್ನ ಕೋಣೆಯಲ್ಲಿ, ನನ್ನ ಲ್ಯಾಪ್‌ಟಾಪಿನಲ್ಲಿ ಅಷ್ಟೂ ಕನ್ನಡ ಚೆಂದವಾಗಿ ಬಂತು. ರೂಮ್‌ಮೇಟನ್ನು ಎಬ್ಬಿಸಿ ತೋರಿಸಿದೆ.

ಆ ವಾರ ನನಗೆ ಊರಿಗೆ ಹೋಗಲಾಗಲಿಲ್ಲ. ವಿಭಾಗದ ಜೂನಿಯರ್ ಹುಡುಗನೊಬ್ಬ ಆ ಕಡೆ ಹೊರಟಿದ್ದ. ಪೆನ್‌ಡ್ರೈವ್ ಕೊಟ್ಟು, ಏನೇನು ಟೈಪಿಸಬೇಕು ಎಂದು ಚೀಟಿಯಲ್ಲಿ ಬರೆದುಕೊಟ್ಟೆ. ಅವನು ಚೀಟಿಯಲ್ಲಿದ್ದಂತೆ ಮಾಡಿದ, ಐಕಾನನ್ನು ಒತ್ತಿ ಪ್ರೋಗ್ರಾಂ ತೆರೆದುಕೊಳ್ಳುವುದನ್ನು ನೋಡಿದ, "ಆಯ್ತಕ್ಕಾ, ಓಡ್ತಿದೆ" ಎಂದು ಮೆಸೇಜು ಹಾಕಿ ಬಂದ. ಓಡುತ್ತಲೇ ಇತ್ತು. ಯಾವ ಭಾಷೆಯಲ್ಲಿ ಎಂದು ನಾನು ಕೇಳಲಿಲ್ಲ, ಅವನು ಹೇಳಲಿಲ್ಲ.

ಒಂಬತ್ತು ದಿನ ಕಳೆಯಿತು. ಅಷ್ಟರಲ್ಲಿ ಹಸ್ತ ಮಳೆ ಚೆನ್ನಾಗಿ ಹೊಡೆದಿತ್ತು, ಹೊಂಡಗಳು ತುಂಬಿದ್ದವು. ನಾನು ವರ್ಷವಿಡೀ ಕಾದಿದ್ದೇ ಆ ದಿನಗಳಿಗೆ. ಖಾಲಿ ಹೊಂಡ ಮೊದಲ ಬಾರಿ ತುಂಬುವಾಗ ಬಾವಿ ಹೇಗೆ ಏರುತ್ತದೆ ಎಂಬ ಲೆಕ್ಕ ಒಂದು ವರ್ಷದಲ್ಲಿ ಒಂದೇ ಸಲ ಸಿಗುವಂಥದ್ದು. ಹತ್ತನೆಯ ದಿನ ಕಾಕಾನ ಮಗ ದತ್ತಾಂಶದ ಕಡತವನ್ನು ವಾಟ್ಸಾಪಿನಲ್ಲಿ ಕಳಿಸಿದ. ತೆರೆದರೆ ಒಂದೇ ಸಾಲು. ಆ ದಿನದ್ದು ಮಾತ್ರ.

ನನಗೆ ತಕ್ಷಣ ಹೊಳೆಯಿತು. ಪ್ರೋಗ್ರಾಂ ತೆರೆದೊಡನೆ ಒಂದು ಪ್ರಶ್ನೆ ಬರುತ್ತದೆ: ಹಳೆಯ ಕಡತ ಇದೆ, ಅದರ ಮೇಲೆಯೇ ಹೊಸದನ್ನು ಬರೆಯಲೇ? ಇಲ್ಲ ಎಂದರೆ ಹಳೆಯದರ ಕೆಳಗೆ ಸೇರಿಸುತ್ತದೆ. ಹೌದು ಎಂದರೆ ಹಳೆಯದು ಅಳಿಸಿಹೋಗುತ್ತದೆ. ಕಾಕಾ ದಿನವೂ ಹೌದು ಎಂದು ಒತ್ತಿದ್ದರು. ಆಗಲೇ ನಾನು ಆ ಫೋನ್ ಮಾಡಿದ್ದು.

ಎರಡು ದಿನ ಬಿಟ್ಟು, ಗದಗಿನಲ್ಲಿ ಬಸ್ಸು ಬದಲಿಸಿ ಊರಿಗೆ ಹೋದೆ. ಮನಸ್ಸಿನಲ್ಲಿ ಇನ್ನೂ ಸಿಟ್ಟಿತ್ತು. ಕಾಕಾ ಚಹಾ ತರಿಸಿ, ನಾನು ಕುಡಿಯುವ ತನಕ ಏನೂ ಮಾತಾಡದೆ ಕೂತರು. ಆಮೇಲೆ ಲ್ಯಾಪ್‌ಟಾಪನ್ನು ಮೆಲ್ಲಗೆ ನನ್ನ ಮುಂದೆ ಸರಿಸಿ, "ನೀವ ನೋಡ್ರಿ, ನಂಗಂತೂ ತಿಳೀಲಿಲ್ಲ" ಅಂದರು. ಐಕಾನ್ ಒತ್ತಿದೆ. ಕಿಟಕಿ ತೆರೆಯಿತು. ಪ್ರಶ್ನೆ ಬಂತು.

ಪ್ರಶ್ನೆ ಇಂಗ್ಲಿಷಿನಲ್ಲಿತ್ತು. ಅದರ ಕೆಳಗಿನ ಎರಡು ಗುಂಡಿಗಳು ಮಾತ್ರ ಕನ್ನಡದಲ್ಲಿದ್ದವು. ಒಂದು ಹೌದು, ಒಂದು ಇಲ್ಲ.

"ಕಾಕಾ, ಇದು ಹಿಂಗೇ ಬರ್ತಿತ್ತಾ ದಿನಾ?"

"ಹೌದ್ರೀ. ಮ್ಯಾಲಿಂದು ಇಂಗ್ಲೀಷಿನ್ಯಾಗ ಐತಿ, ನಂಗ ಗೊತ್ತಾಗಂಗಿಲ್ಲ. ತೆಳಗ ಹೌದು, ಇಲ್ಲ ಅಂತ ಐತಿ. ಏನೋ ಕೇಳಾಕತ್ತೈತಿ, ಇಲ್ಲ ಅಂದ್ರ ಎಲ್ಲಿ ಕೆಲಸ ನಿಂದರ್ತೈತೋ ಅಂತ ಹೌದು ಅಂತ ಒತ್ತಿದ್ನಿ."

"ಇಂಗ್ಲಿಷಲ್ಲಿದೆ ಅಂತ ನಂಗೆ ಯಾಕೆ ಹೇಳ್ಲಿಲ್ಲ?"

"ನೀವು ಕನ್ನಡದಾಗ ಮಾಡೇನಿ ಅಂದಿದ್ರೆಲ್ಲ. ಹೌದು, ಇಲ್ಲ ಅಂತ ಕನ್ನಡದಾಗ ಐತೆಲ್ಲ, ಇಷ್ಟ ಇರಬೇಕು ಅಂದ್ಕೊಂಡ್ನಿ."

ನನಗೆ ತಲೆಯೆತ್ತಿ ಅವರ ಮುಖ ನೋಡಲಾಗಲಿಲ್ಲ. ಲ್ಯಾಪ್‌ಟಾಪಿನ ಪರದೆಯನ್ನೇ ನೋಡುತ್ತ ಕೂತೆ.

ಗುಂಡಿಗಳಿಗೆ ಮಾತ್ರ ಕನ್ನಡ ಬಂದದ್ದು ಹೇಗೆ ಎನ್ನುವುದು ಆಮೇಲೆ ಸುಲಭವಾಗಿ ತಿಳಿಯಿತು. ಗೆಟ್‌ಟೆಕ್ಸ್ಟಿನಲ್ಲಿ ಒಂದೊಂದು ತಂತ್ರಾಂಶಕ್ಕೂ ಅದರದ್ದೇ ಹೆಸರಿನ ಎಂಒ ಕಡತ ಇರುತ್ತದೆ. ಕಿಟಕಿ, ಗುಂಡಿಗಳನ್ನು ಕೊಡುವ ಜಿಟಿಕೆಗೆ ಅದರದ್ದೇ ಕನ್ನಡ ಅನುವಾದವಿದೆ, ಯಾರೋ ಪುಣ್ಯಾತ್ಮರು ಹಿಂದೆಯೇ ಮಾಡಿಟ್ಟದ್ದು. ಹೌದು, ಇಲ್ಲ ಎನ್ನುವ ಗುಂಡಿಗಳು ಅದರ ಮಾತು. ಪ್ರಶ್ನೆ ನನ್ನ ಮಾತು. ಅದು ತನ್ನ ಕಡತವನ್ನು ಹುಡುಕಿಕೊಂಡಿತ್ತು, ನನ್ನ ಪ್ರೋಗ್ರಾಂ ತನ್ನದನ್ನು ಹುಡುಕಿಕೊಂಡಿರಲಿಲ್ಲ. ಎಲ್ಲವೂ ಇಂಗ್ಲಿಷಿನಲ್ಲಿ ಬಂದಿದ್ದರೆ ಕಾಕಾ ಅವತ್ತೇ ಫೋನ್ ಮಾಡುತ್ತಿದ್ದರು. ಅರ್ಧ ಬಂದ ಕನ್ನಡ ಅವರನ್ನು ಸುಮ್ಮನಿರಿಸಿತ್ತು.

ಅಲ್ಲೇ ಅವರ ಪಡಸಾಲೆಯಲ್ಲಿ ಕೂತು ಹುಡುಕತೊಡಗಿದೆ. ಮೊದಲು ನೋಡಬೇಕಾದದ್ದು, ಯಂತ್ರಕ್ಕೆ ಕನ್ನಡ ಎನ್ನುವ ಲೊಕೇಲ್ ಗೊತ್ತಿದೆಯೇ ಎಂದು. ಅದು ತಯಾರಾಗಿ ಕೂತಿರದಿದ್ದರೆ ಸೆಟ್‌ಲೊಕೇಲ್ ಎನ್ನುವ ಕರೆ ಸೋಲುತ್ತದೆ, ಆಗ ಗೆಟ್‌ಟೆಕ್ಸ್ಟ್ ಯಾವ ಕಡತವನ್ನೂ ಹುಡುಕುವುದಿಲ್ಲ. ಆದರೆ ಗುಂಡಿಗಳು ಕನ್ನಡದಲ್ಲಿದ್ದವಲ್ಲ, ಹಾಗಾಗಿ ಅದು ಸರಿಯಿತ್ತು. ಆಮೇಲೆ ಲ್ಯಾಂಗ್ವೇಜ್, ಎಲ್‌ಸಿ_ಆಲ್, ಎಲ್‌ಸಿ_ಮೆಸೇಜಸ್, ಲ್ಯಾಂಗ್ ಎನ್ನುವ ನಾಲ್ಕು ವೇರಿಯಬಲ್‌ಗಳು. ಭಾಷೆ ಯಾವುದು ಎಂದು ನಿರ್ಧಾರವಾಗುವುದು ಇದೇ ಕ್ರಮದಲ್ಲಿ, ಮೊದಲನೆಯದರ ಮಾತು ಎಲ್ಲಕ್ಕಿಂತ ಮೇಲು. ಅಲ್ಲೂ ತಪ್ಪಿರಲಿಲ್ಲ. ಆಮೇಲೆ ಅನುವಾದದಲ್ಲೇ ಏನಾದರೂ ಆಗಿದೆಯೇ ಎಂಬ ಅನುಮಾನ. ಪಿಒ ಕಡತದಲ್ಲಿ ಯಾವುದಾದರೂ ಅನುವಾದಕ್ಕೆ ಫಜಿ, ಅಂದರೆ ಖಾತ್ರಿಯಿಲ್ಲದ್ದು, ಎಂಬ ಗುರುತು ಬಿದ್ದಿದ್ದರೆ ಎಂಎಸ್‌ಜಿಎಫ್‌ಎಂಟಿ ಅದನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಅದೂ ಇರಲಿಲ್ಲ. ಎಂಒ ಕಡತ ಆ ಯಂತ್ರದಲ್ಲಿ ಇದೆಯೇ? ಇತ್ತು. ಜೂನಿಯರ್ ಹುಡುಗ ಚೀಟಿಯಲ್ಲಿದ್ದಂತೆಯೇ ಮಾಡಿದ್ದ. ಹೋಗಬೇಕಾದ ಜಾಗಕ್ಕೆ ಅದು ಹೋಗಿ ಕೂತಿತ್ತು: /ಯುಎಸ್‌ಆರ್/ಲೋಕಲ್/ಶೇರ್/ಲೊಕೇಲ್/ಕೆಎನ್/ಎಲ್‌ಸಿ_ಮೆಸೇಜಸ್/ಮಳೆಲೆಕ್ಕ.ಎಂಒ. ನನ್ನ 83 ವಾಕ್ಯಗಳು ಅದರೊಳಗೆ ಬೆಚ್ಚಗೆ ಮಲಗಿದ್ದವು.

ಕನ್ನಡ ಅದೇ ಯಂತ್ರದಲ್ಲಿದೆ, ಪ್ರೋಗ್ರಾಮಿಗೆ ಮಾತ್ರ ಸಿಗುತ್ತಿಲ್ಲ. ಹಾಗಾದರೆ ಅದು ಎಲ್ಲಿ ಹುಡುಕುತ್ತಿದೆ?

ಇದನ್ನು ತಿಳಿಯಲು ಸ್ಟ್ರೇಸ್ ಎನ್ನುವ ಉಪಕರಣವಿದೆ. ಪ್ರೋಗ್ರಾಂ ಆಪರೇಟಿಂಗ್ ಸಿಸ್ಟಮ್ಮನ್ನು ಏನೇನು ಕೇಳುತ್ತದೆ, ಏನು ಉತ್ತರ ಬರುತ್ತದೆ ಎನ್ನುವುದನ್ನೆಲ್ಲ ಅದು ಸಾಲುಸಾಲಾಗಿ ಬರೆದಿಡುತ್ತದೆ. ಕಿಟಕಿಯ ಪ್ರೋಗ್ರಾಂ ಒಂದು ತೆರೆದುಕೊಳ್ಳುವಷ್ಟರಲ್ಲಿ ಸಾವಿರಾರು ಸಾಲು. ಐಕಾನ್ ಏನನ್ನು ಓಡಿಸುತ್ತದೋ ಅದನ್ನೇ ಸ್ಟ್ರೇಸ್ ಮೂಲಕ ಓಡಿಸಿ, 'ಮಳೆಲೆಕ್ಕ.ಎಂಒ' ಎಂಬ ಹೆಸರಿರುವ ಸಾಲುಗಳನ್ನಷ್ಟೇ ಹೆಕ್ಕಿದೆ. ಆರು ಸಾಲು ಸಿಕ್ಕವು. ಅವರ ಹೋಮ್ ಫೋಲ್ಡರಿನೊಳಗೆ ಲೊಕೇಲ್ ಎನ್ನುವ ಒಂದು ಫೋಲ್ಡರನ್ನು ಅದು ಹುಡುಕಿತ್ತು. ಮೊದಲು ಕೆಎನ್_ಐಎನ್.ಯುಟಿಎಫ್-8 ಎನ್ನುವ ಹೆಸರಿನಲ್ಲಿ, ಆಮೇಲೆ ಅದನ್ನೇ ಸಣ್ಣಕ್ಷರದಲ್ಲಿ, ಅಡ್ಡಗೆರೆ ಬಿಟ್ಟು. ಆಮೇಲೆ ಬರೀ ಕೆಎನ್_ಐಎನ್. ಆಮೇಲೆ ದೇಶ ಬಿಟ್ಟು ಕೆಎನ್.ಯುಟಿಎಫ್-8, ಅದರದ್ದೇ ಸಣ್ಣಕ್ಷರದ ರೂಪ, ಕೊನೆಗೆ ಬರೀ ಕೆಎನ್. ಆರು ಬಾಗಿಲು ಬಡಿದಿತ್ತು. ಆರೂ ಕಡೆ ಒಂದೇ ಉತ್ತರ, ಅಂಥ ಕಡತ ಇಲ್ಲ.

ನೋಡುತ್ತಿದ್ದಂತೆ ನನ್ನ ತಪ್ಪು ಕಂಡಿತು. ಎಂಒ ಕಡತಗಳನ್ನು ಯಾವ ಫೋಲ್ಡರಿನ ಅಡಿಯಲ್ಲಿ ಹುಡುಕಬೇಕು ಎಂದು ಪ್ರೋಗ್ರಾಮಿಗೆ ಹೇಳುವ ಕರೆಗೆ ಬೈಂಡ್‌ಟೆಕ್ಸ್ಟ್‌ಡೊಮೈನ್ ಎಂದು ಹೆಸರು. ಅದರಲ್ಲಿ ನಾನು ಪೂರ್ತಿ ವಿಳಾಸ ಕೊಟ್ಟಿರಲಿಲ್ಲ. 'ಇಲ್ಲೇ ಇರುವ ಲೊಕೇಲ್ ಫೋಲ್ಡರ್' ಎಂದಷ್ಟೇ ಬರೆದಿದ್ದೆ. ಇಲ್ಲೇ ಎಂದರೆ ಪ್ರೋಗ್ರಾಂ ಆ ಹೊತ್ತಿಗೆ ಎಲ್ಲಿ ನಿಂತಿದೆಯೋ ಅಲ್ಲಿ. ಹಾಸ್ಟೆಲಿನಲ್ಲಿ ನಾನು ಪ್ರೋಗ್ರಾಂ ಬರೆದ ಫೋಲ್ಡರಿನಲ್ಲೇ ನಿಂತು ಅದನ್ನು ಓಡಿಸುತ್ತಿದ್ದೆ, ಪಕ್ಕದಲ್ಲೇ ಲೊಕೇಲ್ ಫೋಲ್ಡರ್ ಇತ್ತು, ಸಿಕ್ಕಿತು. ಇಲ್ಲಿ ಐಕಾನ್ ಒತ್ತಿದಾಗ ಪ್ರೋಗ್ರಾಂ ನಿಲ್ಲುವುದು ಹೋಮ್ ಫೋಲ್ಡರಿನಲ್ಲಿ. ಅಲ್ಲಿ ಲೊಕೇಲ್ ಎನ್ನುವುದೇ ಇಲ್ಲ. ಕಡತವನ್ನು ಒಂದು ಕಡೆ ಇಡಲು ಚೀಟಿಯಲ್ಲಿ ಬರೆದುಕೊಟ್ಟು, ಇನ್ನೊಂದು ಕಡೆ ಹುಡುಕಲು ಕೋಡಿನಲ್ಲಿ ಬರೆದಿದ್ದೆ.

ಕಾಕಾ ಪಕ್ಕದಲ್ಲೇ ಕೂತು ನೋಡುತ್ತಿದ್ದರು. ಏನಾತು ಎಂದು ಕೇಳಿದರು. ಹೇಗೆ ಹೇಳಲಿ ಎಂದು ಯೋಚಿಸಿ, "ನಾನು ಮೊದಲನೇ ಸಲ ಬಂದಾಗ ನಿಮ್ಮನೆ ಎಲ್ಲಿ ಅಂತ ಕೇಳಿದ್ದಕ್ಕೆ ಯಾರೋ ಬಲಕ್ಕೆ ತಿರುಗಿ ಮೂರನೇ ಮನೆ ಅಂದಿದ್ರು, ನೆನಪಿದೆಯಾ?" ಅಂದೆ. ಅವರು ನಕ್ಕರು. ಹೇಳಿದವರು ಹನುಮಪ್ಪನ ಗುಡಿಯ ಮುಂದೆ ನಿಂತು ಲೆಕ್ಕ ಹಾಕಿದ್ದರು, ನಾನು ಬಸ್‌ಸ್ಟ್ಯಾಂಡಿನಿಂದ ಎಣಿಸಿಕೊಂಡು ಹೋಗಿ ಯಾರದೋ ದನದ ಕೊಟ್ಟಿಗೆಗೆ ನುಗ್ಗಿದ್ದೆ. "ಈ ಪ್ರೋಗ್ರಾಮಿಗೂ ಹಂಗೇ ಆಗಿದೆ."

"ಮತ್ತ ಅದು ಕೊಟ್ಟಿಗ್ಯಾಗ ನಿಂತು ಕೂಗಬೇಕಿತ್ತಲ್ಲ, ಇಲ್ಲಿ ಯಾರೂ ಇಲ್ಲಂತ?"

ಅವರಿಗೆ ಅದು ತಮಾಷೆಯ ಮಾತು. ನನಗೆ ಮಾತ್ರ ಆ ಇಡೀ ವ್ಯವಸ್ಥೆಯ ಮೇಲೆ ಕೇಳಬೇಕಾದ ಪ್ರಶ್ನೆ ಅದೇ ಅನ್ನಿಸಿತು. ಗೆಟ್‌ಟೆಕ್ಸ್ಟ್ ಕೂಗುವುದಿಲ್ಲ. ಅನುವಾದದ ಕಡತ ಸಿಗದಿದ್ದರೆ ದೋಷದ ಸಂದೇಶ ಕೊಡುವುದಿಲ್ಲ, ನಿಲ್ಲುವುದಿಲ್ಲ. ನೀವು ಕೊಟ್ಟ ಇಂಗ್ಲಿಷ್ ವಾಕ್ಯವನ್ನೇ ನಿಮಗೆ ತಿರುಗಿ ಕೊಟ್ಟು ಮುಂದೆ ಹೋಗುತ್ತದೆ. ಇದು ಮರೆತು ಉಳಿದ ಕುಂದಲ್ಲ, ಬೇಕೆಂದೇ ಹೀಗೆ ಮಾಡಿದ್ದು. ಇದಕ್ಕೆ ಮುಂಚೆ ಯುನಿಕ್ಸ್ ಲೋಕದಲ್ಲಿ ಕ್ಯಾಟ್‌ಗೆಟ್ಸ್ ಎನ್ನುವ ಪದ್ಧತಿ ಇತ್ತು. ಅದರಲ್ಲಿ ಪ್ರತಿ ಸಂದೇಶಕ್ಕೂ ಒಂದು ಸಂಖ್ಯೆ. ಇಷ್ಟನೆಯ ಕಟ್ಟಿನ ಇಷ್ಟನೆಯ ಸಂದೇಶ ಕೊಡು ಎಂದು ಕೇಳಬೇಕು. ಕೋಡ್ ಓದುವವರಿಗೆ ಆ ಸಂಖ್ಯೆಗಳಿಂದ ಏನೂ ತಿಳಿಯುತ್ತಿರಲಿಲ್ಲ, ಎಣಿಕೆ ತಪ್ಪಿದರೆ ಸಂದೇಶಗಳು ಅದಲುಬದಲಾಗುತ್ತಿದ್ದವು. ಸಂಖ್ಯೆಯ ಬದಲು ಇಂಗ್ಲಿಷ್ ವಾಕ್ಯವನ್ನೇ ಕೀಲಿಯಾಗಿಟ್ಟುಕೊಂಡದ್ದು ಗೆಟ್‌ಟೆಕ್ಸ್ಟ್ ದಾರಿ. ಸನ್ ಕಂಪನಿಯವರು ಮೊದಲು ಅದನ್ನು ಜಾರಿಗೆ ತಂದರು, 1995ರಲ್ಲಿ ಜಿಎನ್‌ಯು ಯೋಜನೆಯವರು ತಮ್ಮದನ್ನು ಬಿಡುಗಡೆ ಮಾಡಿದರು. ಇವತ್ತು ಲಿನಕ್ಸಿನ ಬಹುಪಾಲು ಸಿ ಪ್ರೋಗ್ರಾಂಗಳು ಬೇರೆ ಭಾಷೆ ಮಾತಾಡುವುದು ಇದರ ಮೂಲಕವೇ. ಅನುವಾದ ಅರ್ಧವಾಗಿದ್ದರೂ ಕೆಲಸ ನಿಲ್ಲುವುದಿಲ್ಲ. ಒಂದು ಭಾಷೆ ಸಿಗಲಿಲ್ಲ ಎಂದು ಪ್ರೋಗ್ರಾಂ ಸತ್ತು ಬೀಳಬಾರದು, ನಿಜ. ನಾನೇ ಮಾಡಿದ್ದರೂ ಹೀಗೇ ಮಾಡುತ್ತಿದ್ದೆನೇನೋ.

ಆದರೆ ಅಲ್ಲೊಂದು ಎಣಿಕೆ ಅಡಗಿದೆ. ಪರದೆಯ ಮುಂದೆ ಕೂತವರಿಗೆ ತಮ್ಮ ಭಾಷೆ ಸಿಗದಿದ್ದರೆ ಇಂಗ್ಲಿಷಿನಲ್ಲಿ ಹೇಗೋ ಸಾಗುತ್ತದೆ ಎನ್ನುವ ಎಣಿಕೆ ಅದು. ನನ್ನ ಜೂನಿಯರ್ ಹುಡುಗನಿಗೆ ಸಾಗಿತ್ತು. ಎಷ್ಟು ಚೆನ್ನಾಗಿ ಸಾಗಿತ್ತೆಂದರೆ ಕನ್ನಡ ಬಂದಿಲ್ಲ ಎನ್ನುವುದು ಅವನ ಕಣ್ಣಿಗೇ ಬಿದ್ದಿರಲಿಲ್ಲ. ಕಾಕಾನಿಗೆ ಸಾಗಲಿಲ್ಲ. ಅವರೂ ಸುಮ್ಮನಿದ್ದರು.

ಅವರು ಯಾಕೆ ಸುಮ್ಮನಿದ್ದರು ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕು. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡವಳು ನಾನು. ಮೊದಲ ಮೂರು ತಿಂಗಳು ಮೇಷ್ಟ್ರು ಏನು ಹೇಳುತ್ತಿದ್ದಾರೆ ಎಂದು ಕಾಲು ಭಾಗವೂ ತಿಳಿಯುತ್ತಿರಲಿಲ್ಲ. ಪಾಠದ ಕೊನೆಗೆ ಅರ್ಥವಾಯಿತೇ ಎಂದು ಕೇಳುತ್ತಿದ್ದರು, ಅದನ್ನೂ ಇಂಗ್ಲಿಷಿನಲ್ಲಿ. ಎಲ್ಲರ ಜೊತೆ ನಾನೂ ಎಸ್ ಸರ್ ಅನ್ನುತ್ತಿದ್ದೆ. ಒಂದು ದಿನ ಅವರು ಯಾವುದೋ ಬೇರೆ ಪ್ರಶ್ನೆ ಕೇಳಿದಾಗಲೂ ಎಸ್ ಸರ್ ಅಂದುಬಿಟ್ಟು, ಇಡೀ ತರಗತಿ ನಕ್ಕಿತು. ಪ್ರಶ್ನೆ ಏನಾಗಿತ್ತು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ತಿಳಿಯದ ಪ್ರಶ್ನೆಗೆ ಹೌದು ಎನ್ನುವುದು ಇಲ್ಲ ಎನ್ನುವುದಕ್ಕಿಂತ ಕಡಿಮೆ ಅಪಾಯದ್ದು ಎಂದು ಆ ವಯಸ್ಸಿನಲ್ಲೇ ನನಗೆ ಗೊತ್ತಿತ್ತು. ಹಾಗೆ ಹೌದು ಎಂದು ಒತ್ತಿದವರಿಗೇ ನಾನು ಓದಲು ಬರುವುದಿಲ್ಲವೇ ಎಂದು ಕೇಳಿದ್ದೆ.

"ಕಾಕಾ, ಫೋನಲ್ಲಿ ನಾನು ಹಂಗೆ ಮಾತಾಡಬಾರದಿತ್ತು. ತಪ್ಪು ನಂದೇ" ಅಂದೆ.

"ಇರ್ಲಿ ಬಿಡ್ರಿ. ಮೊದಲ ಅದನ್ನ ಸರಿ ಮಾಡ್ರಿ" ಅಂದರು. ಅಂದು ಎದ್ದು ಹೋಗಿ ದನಗಳಿಗೆ ಮೇವು ಹಾಕಿ ಬಂದರು.

ಸರಿ ಮಾಡಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಬೈಂಡ್‌ಟೆಕ್ಸ್ಟ್‌ಡೊಮೈನಿಗೆ ಪೂರ್ತಿ ವಿಳಾಸ ಕೊಡಬೇಕು. ಅದನ್ನೂ ಕೋಡಿನಲ್ಲಿ ಕೈಯಿಂದ ಬರೆಯದೆ, ಎಂಒ ಕಡತವನ್ನು ಎಲ್ಲಿ ಇಡಬೇಕು ಎಂದು ಮೇಕ್‌ಫೈಲಿನಲ್ಲಿ ಹೇಳಿರುತ್ತೇವಲ್ಲ, ಆ ವಿಳಾಸವೇ ಕಂಪೈಲ್ ಆಗುವಾಗ ಕೋಡಿನೊಳಕ್ಕೂ ಹೋಗುವಂತೆ ಮಾಡಬೇಕು. ಆಗ ಇಡುವ ಜಾಗ, ಹುಡುಕುವ ಜಾಗ ಎರಡೂ ಬೇರೆಯಾಗಲು ದಾರಿಯೇ ಇರುವುದಿಲ್ಲ. ಅನುಭವಸ್ಥರು ಮೊದಲಿನಿಂದ ಮಾಡುವುದೇ ಹೀಗೆ. ನಾಲ್ಕು ಸಾಲು ಬದಲಿಸಿದೆ. ನಡುವೆ ಒಮ್ಮೆ ಕರೆಂಟು ಹೋಗಿ ಬಂತು. ಮತ್ತೆ ಕಂಪೈಲ್ ಮಾಡಿ, ಐಕಾನ್ ಒತ್ತಿದೆ.

ಕನ್ನಡ ಬಂತು. ಕಾಕಾ ಕನ್ನಡಕ ಏರಿಸಿಕೊಂಡು, ಪುರಾಣ ಓದುವ ಗತ್ತಿನಲ್ಲೇ ಗಟ್ಟಿಯಾಗಿ ಓದಿದರು. "ಪ್ರಸ್ತುತ ದತ್ತಾಂಶ ಕಡತವನ್ನು ತಿದ್ದಿಬರೆಯಬೇಕೆ?"

ಓದಿ ನನ್ನ ಕಡೆ ತಿರುಗಿದರು. "ಹಂಗಂದ್ರೇನ್ರಿ ಅಕ್ಕೋರ?"

ಎರಡು ವಾರ ಕೂತು ಮಾಡಿದ ಅನುವಾದ. ಕನ್ನಡವೇನೋ ಕನ್ನಡವೇ. ಆದರೆ ಅದನ್ನು ಬರೆಯುವಾಗ ನನ್ನ ಕಣ್ಣ ಮುಂದೆ ಇದ್ದದ್ದು ಇಂಗ್ಲಿಷ್ ವಾಕ್ಯ, ಕಾಕಾ ಅಲ್ಲ. ಅದು ಒಂಬತ್ತು ದಿನ ಸರಿಯಾಗಿ ಪರದೆಯ ಮೇಲೆ ಬಂದಿದ್ದರೂ ಅವರು ಹೌದು ಎಂದೇ ಒತ್ತುತ್ತಿದ್ದರು.

"ಅಂದ್ರೆ, ಹಳೇ ಲೆಕ್ಕ ಎಲ್ಲ ಅಳಿಸಿ ಹೊಸದಾಗಿ ಶುರು ಮಾಡ್ಲಾ ಅಂತ ಕೇಳ್ತಿದೆ."

"ಹಳೇ ಲೆಕ್ಕ ಅಳಸೂದು ಯಾಕ್ರೀ? ಲೆಕ್ಕದ ಬುಕ್ಕಿನ್ಯಾಗ ದಿನಾ ಬೆಳಿಗ್ಗೆ ಯಾರರ ಹಿಂದಿನ ಹಾಳಿ ಹರೀತಾರೇನು?"

ನನ್ನ ಬಳಿ ಉತ್ತರವಿರಲಿಲ್ಲ. ಆ ಪ್ರಶ್ನೆ ಅಲ್ಲಿ ಇದ್ದದ್ದು, ಕೋಡ್ ಬರೆಯುವಾಗ ನಾನು ಬೇಕುಬೇಕೆಂದಾಗ ಹಳೆಯ ಕಡತ ಅಳಿಸಿ ಪರೀಕ್ಷೆ ಮಾಡಿಕೊಳ್ಳಲು. ನನ್ನ ಅನುಕೂಲಕ್ಕೆ ಇಟ್ಟದ್ದನ್ನು ತೆಗೆಯಲು ಮರೆತು, ಶ್ರದ್ಧೆಯಿಂದ ಕನ್ನಡಕ್ಕೆ ಅನುವಾದಿಸಿ ಅವರಿಗೆ ಕಳಿಸಿದ್ದೆ. ಆ ಪ್ರಶ್ನೆಯನ್ನೇ ತೆಗೆದುಹಾಕಿದೆ. ಉಳಿದ 82 ವಾಕ್ಯಗಳನ್ನು ಅವತ್ತು ಸಂಜೆಯವರೆಗೆ ಕೂತು ಇಬ್ಬರೂ ಒಂದೊಂದಾಗಿ ಓದಿದೆವು. 'ಜಲಮಟ್ಟ ನಮೂದಿಸಿ' ಎನ್ನುವುದು 'ಬಾವಿ ನೀರು ಎಷ್ಟು ಆಳದಾಗ ಐತಿ' ಆಯಿತು. 'ಅಮಾನ್ಯ ಮೌಲ್ಯ' ಎನ್ನುವುದು 'ಅಂಕಿ ತಪ್ಪೈತಿ, ಇನ್ನೊಮ್ಮೆ ನೋಡ್ರಿ' ಆಯಿತು. 'ಉಳಿಸು' ಎನ್ನುವುದನ್ನು ಮಾತ್ರ ಅವರು ಹಾಗೇ ಇರಲಿ ಅಂದರು. ಅದು ಎಲ್ಲರಿಗೂ ತಿಳಿಯುತ್ತದೆ ಎಂದು.

ಇನ್ನೊಂದು ಕೆಲಸ ಮಾಡಿದೆ. ಅನುವಾದ ಸಿಗದಿದ್ದಾಗ ಗೆಟ್‌ಟೆಕ್ಸ್ಟ್ ನಾವು ಕೊಟ್ಟ ವಾಕ್ಯವನ್ನೇ, ಅದೇ ಪಾಯಿಂಟರನ್ನೇ, ತಿರುಗಿ ಕೊಡುತ್ತದೆ. ಹಾಗಾಗಿ ಕೊಟ್ಟದ್ದು, ಬಂದದ್ದು ಎರಡೂ ಒಂದೇ ಆಗಿದ್ದರೆ ಅನುವಾದ ಸಿಕ್ಕಿಲ್ಲ ಎಂದು ತಿಳಿಯಬಹುದು. ಪ್ರೋಗ್ರಾಂ ಶುರುವಾದೊಡನೆ ಒಂದು ವಾಕ್ಯವನ್ನು ಹೀಗೆ ಪರೀಕ್ಷಿಸಿ, ಕನ್ನಡ ಸಿಗದಿದ್ದರೆ ಒಂದು ಕಿಟಕಿ ತೆರೆಯುವಂತೆ ಮಾಡಿದೆ. ಆ ಕಿಟಕಿಯಲ್ಲಿ ಬರುವ ಸಾಲನ್ನು ಯಾವ ಎಂಒ ಕಡತದಲ್ಲೂ ಇಡದೆ ಕೋಡಿನೊಳಗೇ ಕನ್ನಡದಲ್ಲಿ ಬರೆದೆ: 'ಕನ್ನಡ ಸಿಕ್ಕಿಲ್ಲ. ಏನೂ ಒತ್ತಬ್ಯಾಡ್ರಿ. ಅಕ್ಕೋರಿಗೆ ಫೋನ್ ಮಾಡ್ರಿ.' ತಂತ್ರಾಂಶ ಬರೆಯುವವರು ಇದನ್ನು ನೋಡಿದರೆ ನಕ್ಕಾರು, ಮಾತುಗಳನ್ನು ಹೀಗೆ ಕೋಡಿನೊಳಗೆ ಹುಗಿಯಬಾರದು ಎಂಬುದೇ ಗೆಟ್‌ಟೆಕ್ಸ್ಟಿನ ಮೊದಲ ಪಾಠ. ಈ ಒಂದು ಸಾಲಿಗೆ ಮಾತ್ರ ಅದನ್ನು ಮೀರಿದೆ.

ಹೋದ ಅಂಕಿಗಳು ಪೂರ್ತಿ ಸಿಗಲಿಲ್ಲ. ಜೋರು ಮಳೆಯಾದ ಐದು ದಿನಗಳ ಅಳತೆಯನ್ನು ಕಾಕಾ ಗೋಡೆಯ ಕ್ಯಾಲೆಂಡರಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕಿಕೊಂಡಿದ್ದರು, ಊರಿನವರು ಕೇಳುತ್ತಾರೆಂದು. ಬಾವಿಗಳ ಲೆಕ್ಕ ಹೋದದ್ದು ಹೋಯಿತು. ನನ್ನ ಪ್ರಬಂಧದ ಕೋಷ್ಟಕದಲ್ಲಿ ಆ ಒಂಬತ್ತು ಸಾಲುಗಳ ಮುಂದೆ ಖಾಲಿ ಮನೆಗಳಿವೆ. ಕೆಳಗಿನ ಟಿಪ್ಪಣಿಯಲ್ಲಿ ಕಾರಣ ಬರೆಯಬೇಕು. ಕ್ಷೇತ್ರ ಸಹಾಯಕರ ದೋಷದಿಂದ ಎಂದು ಬರೆಯುವುದು ರೂಢಿ, ಗೈಡ್ ಕೂಡ ಹಾಗೇ ಬರೆದುಬಿಡು ಅಂದರು. ತಂತ್ರಾಂಶದಲ್ಲಿ ಸಂಶೋಧಕಿ ಮಾಡಿದ ತಪ್ಪಿನಿಂದ ಎಂದು ಬರೆದಿದ್ದೇನೆ. ಅವರು ಇನ್ನೂ ಸಹಿ ಹಾಕಿಲ್ಲ.

ಕಾಕಾ ಈಗ ಮತ್ತೆ ನೋಟುಬುಕ್ಕನ್ನೂ ಇಟ್ಟಿದ್ದಾರೆ, ನಾನೇ ಕೊಡಿಸಿದ್ದು. ಮೊನ್ನೆ ಸಂಕ್ರಾಂತಿ ಮುಗಿದ ಮೇಲೆ ಒಂದು ಬೆಳಿಗ್ಗೆ ಎಂಟೂ ಮುಕ್ಕಾಲಿಗೆ ಫೋನ್ ಬಂತು. ಅವರ ಮಗ ಲ್ಯಾಪ್‌ಟಾಪಿನಲ್ಲಿ ಜಾಗ ಸಾಲದೆಂದು ಏನೇನೋ ಫೋಲ್ಡರುಗಳನ್ನು ಅಳಿಸಿದ್ದನಂತೆ.

"ಅಕ್ಕೋರ, ಕನ್ನಡ ಸಿಕ್ಕಿಲ್ಲಂತ. ನಾ ಏನೂ ಒತ್ತಿಲ್ರಿ" ಅಂದರು.